ಬೀಳು ಮರಳಿನ ಮೇಲೆ ಬೆಳೆದ ಊರು ವೋಕಿಂಗ್

ಲಂಡನ್ನಿನ ವಾಟರ್‌ಲೂ ರೈಲು ನಿಲ್ದಾಣದ ಪಕ್ಕದಲ್ಲಿ ಒಂದು ಕಾಲಕ್ಕೆ ಬೇರೆಯದೇ ಆದ ಪುಟ್ಟ ನಿಲ್ದಾಣವೊಂದಿತ್ತು. ಅಲ್ಲಿ ಎರಡು ಬಗೆಯ ಟಿಕೆಟ್ ಕೊಡುತ್ತಿದ್ದರು. ಒಂದು, ಹೋಗಿ ಬರುವವರಿಗೆ. ಇನ್ನೊಂದು, ಹೋಗುವವರಿಗೆ ಮಾತ್ರ. ಮೊದಲನೆಯದು ಬಂಧುಗಳಿಗೆ, ಎರಡನೆಯದು ಶವಪೆಟ್ಟಿಗೆಗೆ! ಶವಪೆಟ್ಟಿಗೆಗೂ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಎಂಬ ಭೇದವಿತ್ತು. 1854ರ ನವೆಂಬರಿನಲ್ಲಿ ಆರಂಭವಾದ ಈ ಸೇವೆ, 1941ರ ಏಪ್ರಿಲ್‌ನ ಒಂದು ರಾತ್ರಿ ಜರ್ಮನ್ ಬಾಂಬು ಆ ನಿಲ್ದಾಣದ ಮೇಲೆ ಬೀಳುವವರೆಗೆ ನಡೆಯಿತು.

ಆ ರೈಲು ಹೋಗುತ್ತಿದ್ದುದು ಸರ್ರೆ ಜಿಲ್ಲೆಯ ವೋಕಿಂಗ್ ಬಳಿಯ ಬ್ರೂಕ್‌ವುಡ್‌ಗೆ. ಇಂದು ಅದೇ ಹಳಿಯ ಮೇಲೆ ಬೆಳಿಗ್ಗೆ ಸಾವಿರಾರು ಮಂದಿ ವೋಕಿಂಗ್‌ನಿಂದ ಲಂಡನ್ನಿನ ಕಚೇರಿಗಳಿಗೆ ಹೋಗುತ್ತಾರೆ, ಸಂಜೆ ಹಿಂತಿರುಗುತ್ತಾರೆ. ವಾಟರ್‌ಲೂನಿಂದ ಸುಮಾರು 39 ಕಿ.ಮೀ. ದೂರ, ವೇಗದ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. ಇಂಗ್ಲೆಂಡಿಗೆ ಹೋದ ಪ್ರವಾಸಿಗರ ಪಟ್ಟಿಯಲ್ಲಿ ಈ ಊರಿನ ಹೆಸರು ಇರುವುದೇ ಇಲ್ಲ. ಕಿಟಕಿಯಾಚೆ ಎತ್ತರದ ಕಟ್ಟಡಗಳು, ಅಂಗಡಿ ಮಳಿಗೆ, ವಾಹನ ನಿಲುಗಡೆ. ಇದರಲ್ಲಿ ನೋಡುವುದೇನಿದೆ ಎನ್ನಿಸುವುದು ಸಹಜ. ಆದರೆ ಒಂದು ದಿನ ಬಿಡುವು ಮಾಡಿಕೊಂಡು ಇಳಿದವರಿಗೆ ಇಲ್ಲಿ ಮಂಗಳ ಗ್ರಹದವರಿಂದ ಹಿಡಿದು ಭೋಪಾಲದ ಬೇಗಂವರೆಗೆ, ಕಂಪ್ಯೂಟರಿನ ಮೂಲಪುರುಷನಿಂದ ಹಿಡಿದು ಬೆಂಗಳೂರಿಗೆ ವಿಜ್ಞಾನ ಮಂದಿರ ಕೊಟ್ಟ ಮಹನೀಯರವರೆಗೆ ಎಲ್ಲರೂ ಸಿಗುತ್ತಾರೆ.

ಎಲ್ಲಕ್ಕೂ ಕಾರಣ ಮರಳು

ಇವರೆಲ್ಲ ಒಂದೇ ಊರಿನಲ್ಲಿ ಸೇರಲು ಕಾರಣ ಕಾಲಡಿಯ ನೆಲ. ವೋಕಿಂಗ್ ಸುತ್ತಿನ ಭೂಮಿ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಶೇಖರವಾದ ಮರಳಿನದು. ಬ್ಯಾಗ್‌ಶಾಟ್ ಮರಳು ಎಂದು ಭೂವಿಜ್ಞಾನಿಗಳು ಇದನ್ನು ಕರೆಯುತ್ತಾರೆ. ಮರಳಿನ ಕಣಗಳು ದಪ್ಪ. ನಡುವಿನ ಸಂದುಗಳು ದೊಡ್ಡವು. ಬಿದ್ದ ಮಳೆ ನಿಲ್ಲದೆ ಕೆಳಗಿಳಿಯುತ್ತದೆ, ಇಳಿಯುವಾಗ ಸಸ್ಯಗಳಿಗೆ ಬೇಕಾದ ಲವಣಗಳನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಆಮ್ಲೀಯವಾದ ಬಡ ಮಣ್ಣು. ಗೋಧಿ ಬೆಳೆಯದು, ಹುಲ್ಲೂ ಹುಲುಸಾಗದು. ಹೆದರ್ ಎಂಬ ನೇರಳೆ ಹೂವಿನ ಕುರುಚಲು ಗಿಡ, ಹಳದಿ ಹೂವಿನ ಮುಳ್ಳುಪೊದೆ ಗಾರ್ಸ್, ಬರ್ಚ್ ಮತ್ತು ಪೈನ್ ಮರಗಳು ಮಾತ್ರ ಇಲ್ಲಿ ಹೇಗೋ ಬದುಕುತ್ತವೆ.

ಹಳೆಯ ವೋಕಿಂಗ್ ಇದ್ದುದು ಇಲ್ಲಲ್ಲ. ದಕ್ಷಿಣಕ್ಕೆ ಒಂದೆರಡು ಕಿ.ಮೀ. ದೂರದಲ್ಲಿ ವೇ ನದಿಯ ದಡದಲ್ಲಿತ್ತು. ಆ ಹಳ್ಳಿ ಇಂದಿಗೂ 'ಓಲ್ಡ್ ವೋಕಿಂಗ್' ಎಂಬ ಹೆಸರಿನಲ್ಲಿ ತನ್ನ ಹಳೆಯ ಚರ್ಚಿನೊಂದಿಗೆ ಉಳಿದಿದೆ. 1838ರಲ್ಲಿ ಲಂಡನ್ನಿನಿಂದ ಸೌತಾಂಪ್ಟನ್ ಕಡೆಗೆ ರೈಲು ಹಳಿ ಹಾಕುತ್ತ ಬಂದವರು ಅಗ್ಗದ ಬೀಳುಭೂಮಿಯಲ್ಲಿ ಒಂದು ನಿಲ್ದಾಣ ಕಟ್ಟಿದರು. ನಿಲ್ದಾಣ ಬಂತು, ಊರು ಮಾತ್ರ ಬರಲಿಲ್ಲ.

ಆ ಹೊತ್ತಿಗೆ ಲಂಡನ್ ಬೇರೊಂದು ಸಂಕಟದಲ್ಲಿತ್ತು. 1801ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಜನಸಂಖ್ಯೆ ಐವತ್ತು ವರ್ಷಗಳಲ್ಲಿ ಎರಡು ಪಟ್ಟು ಮೀರಿತು. ಚರ್ಚುಗಳ ಅಂಗಳದಲ್ಲಿ ಹೂಳಲು ಜಾಗವಿಲ್ಲದೆ ಹಳೆಯ ಗೋರಿಯನ್ನೇ ಅಗೆದು ಹೊಸ ಶವವನ್ನು ಇಳಿಸುವ ಸ್ಥಿತಿ. 1848-49ರ ಕಾಲರಾ ಪಿಡುಗಿನಲ್ಲಿ ಸುಮಾರು 14,000 ಲಂಡನ್ ವಾಸಿಗಳು ಸತ್ತರು. ಆಗ ಹುಟ್ಟಿದ್ದೇ ಲಂಡನ್ ನೆಕ್ರೊಪೊಲಿಸ್ ಕಂಪನಿ. ನೆಕ್ರೊಪೊಲಿಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಸತ್ತವರ ನಗರ. ಅಗ್ಗದ ನೆಲ, ನೀರು ನಿಲ್ಲದ ಒಣ ಮರಳು, ಪಕ್ಕದಲ್ಲೇ ರೈಲು. ಶವಗಳಿಗೆ ಇದಕ್ಕಿಂತ ಬೇರೆ ಜಾಗ ಬೇಕೆ? 1852ರಲ್ಲಿ ಪಾರ್ಲಿಮೆಂಟಿನ ಒಪ್ಪಿಗೆ ಪಡೆದ ಕಂಪನಿ ಇಲ್ಲಿ ಎರಡು ಸಾವಿರ ಎಕರೆಗೂ ಹೆಚ್ಚು ಭೂಮಿ ಕೊಂಡಿತು.

ಸ್ಮಶಾನಕ್ಕೆಂದು ಕೊಂಡ ಆ ಭೂಮಿಯಲ್ಲಿ ಬೇಲಿ ಹಾಕಿದ್ದು ಒಂದು ಭಾಗಕ್ಕಷ್ಟೆ. ಮಿಕ್ಕದ್ದನ್ನು ಕಂಪನಿ ನಿವೇಶನಗಳಾಗಿ ಮಾರತೊಡಗಿತು. ರೈಲು ನಿಲ್ದಾಣದ ಸುತ್ತ ಮನೆಗಳೆದ್ದವು, ಅಂಗಡಿ ಸಾಲು ಬೆಳೆಯಿತು. ಸತ್ತವರ ಹೆಸರಿನಲ್ಲಿ ಕೊಂಡ ನೆಲದಲ್ಲಿ ಬದುಕಿದ್ದವರ ಊರು ಹುಟ್ಟಿದ್ದು ಹೀಗೆ.

ಮಂಗಳ ಗ್ರಹದವರು ಇಳಿದ ಗುಂಡಿ

ನಿಲ್ದಾಣದಿಂದ ಪೇಟೆಯ ಒಳಗೆ ನಡೆದರೆ ರಸ್ತೆಯ ನಡುವೆ ಮೂರು ಕಾಲಿನ ಲೋಹದ ರಾಕ್ಷಸನೊಂದು ನಿಂತಿದೆ. ಎತ್ತರ ಸುಮಾರು 7 ಮೀಟರ್. ಶಿಲ್ಪಿ ಮೈಕೆಲ್ ಕಾಂಡ್ರನ್ 1998ರಲ್ಲಿ ಇದನ್ನು ಮಾಡಿದ. ಎಚ್. ಜಿ. ವೆಲ್ಸ್‌ನ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿ ಪುಸ್ತಕವಾಗಿ ಬಂದು ಆಗ ನೂರು ವರ್ಷ ತುಂಬಿತ್ತು. 2016ರಲ್ಲಿ ವೆಲ್ಸ್‌ನ ಪ್ರತಿಮೆಯನ್ನೂ ಊರು ನಿಲ್ಲಿಸಿಕೊಂಡಿತು. ಅಷ್ಟೇ ಅಲ್ಲ, ಇಲ್ಲಿನ ಸೈಕಲ್ ಹಾದಿಗಳಿಗೆ ಗ್ರಹಗಳ ಹೆಸರು! ಕಾಲುವೆಯ ದಡದುದ್ದಕ್ಕೂ ಸಾಗುವ ಹಾದಿಯ ಹೆಸರು 'ಶನಿ'.

ವೆಲ್ಸ್ 1895ರಲ್ಲಿ ವೋಕಿಂಗ್‌ಗೆ ಬಂದು ರೈಲು ಹಳಿಗೆ ಎದುರಾದ ಮೇಬರಿ ರಸ್ತೆಯ ಮನೆಯಲ್ಲಿ ವಾಸವಾಗಿದ್ದ. ಆತ ವಿಜ್ಞಾನದ ಪದವೀಧರ. ಡಾರ್ವಿನ್ನನ ಬೆಂಬಲಿಗ ಟಿ. ಎಚ್. ಹಕ್ಸ್‌ಲಿಯ ಬಳಿ ಜೀವಶಾಸ್ತ್ರ ಕಲಿತವನು; ಬರಹದಿಂದ ಹೆಸರು ಮಾಡುವ ಮುನ್ನ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದವನು. ಸೈಕಲ್ ಏರಿ ಸುತ್ತಲ ಊರುಗಳನ್ನು ತಿರುಗುತ್ತ, ಯಾವ ಬೀದಿಯನ್ನು ಮಂಗಳ ಗ್ರಹದವರಿಂದ ಸುಡಿಸಬೇಕು ಎಂದು ಗುರುತು ಮಾಡಿಕೊಳ್ಳುತ್ತಿದ್ದ.

ಕಾದಂಬರಿಯಲ್ಲಿ ಮಂಗಳದ ಮೊದಲ ಕೊಳವೆ ಬಂದು ಬೀಳುವ ಹಾರ್ಸೆಲ್ ಕಾಮನ್ ನಿಜವಾದ ಜಾಗ. ಪೇಟೆಯಿಂದ ಅರ್ಧ ಗಂಟೆ ಉತ್ತರಕ್ಕೆ ನಡೆದರೆ ಆ ಮರಳು ಗುಂಡಿಯ ಅಂಚಿನಲ್ಲಿ ನಿಲ್ಲಬಹುದು. ಸುತ್ತ ಪೈನ್ ಮರಗಳು, ನಡುವೆ ಬೋಳು ಮರಳು. ಆಗಸ್ಟ್ ತಿಂಗಳಲ್ಲಿ ಹೋದರೆ ಹೆದರ್ ಹೂ ಬಿಟ್ಟು ಬಯಲೆಲ್ಲ ನೇರಳೆ. ಮನುಷ್ಯರ ಫಿರಂಗಿಗಳು ಸೋತರೂ ಮಂಗಳದವರನ್ನು ಕೊನೆಗೆ ಕೊಲ್ಲುವುದು ಭೂಮಿಯ ಬ್ಯಾಕ್ಟೀರಿಯಾ ಎಂಬುದನ್ನು ಓದಿದವರು ಬಲ್ಲರು. ಪಾಶ್ಚರ್, ಕಾಕ್ ಅವರ ಸಂಶೋಧನೆಗಳು ಹೊಸದಾಗಿದ್ದ ಕಾಲದಲ್ಲಿ ಹೀಗೊಂದು ಅಂತ್ಯ ಹೊಳೆದದ್ದು ಜೀವಶಾಸ್ತ್ರದ ವಿದ್ಯಾರ್ಥಿಗೇ ಸರಿ.

ಬೇಡವೆಂದು ಬಿಟ್ಟಿದ್ದ ಈ ಬೀಳು ಇಂದು ಕಾನೂನಿನ ರಕ್ಷಣೆಯಲ್ಲಿದೆ. ನೈಟ್‌ಜಾರ್, ವುಡ್‌ಲಾರ್ಕ್, ಡಾರ್ಟ್‌ಫರ್ಡ್ ವಾರ್ಬ್ಲರ್ ಎಂಬ ಮೂರು ಹಕ್ಕಿಗಳು ಇಂಥ ಕುರುಚಲಲ್ಲೇ ಗೂಡು ಮಾಡುತ್ತವೆ. ಮೊದಲಿನ ಎರಡಕ್ಕಂತೂ ನೆಲವೇ ಗೂಡು. ಅದಕ್ಕಾಗಿ ಥೇಮ್ಸ್ ಕಣಿವೆಯ ಈ ಬಯಲುಗಳನ್ನು 2005ರಲ್ಲಿ ಪಕ್ಷಿ ಸಂರಕ್ಷಣಾ ಪ್ರದೇಶವೆಂದು ಸಾರಿದರು. ಅದರ ಅಂಚಿನಿಂದ 400 ಮೀಟರ್ ಒಳಗೆ ಹೊಸ ಮನೆ ಕಟ್ಟಲು ಅನುಮತಿ ಸಿಗುವುದಿಲ್ಲ.

ಬೇಗಂ ಸಾಹೇಬರ ಮಸೀದಿ

ವೆಲ್ಸ್‌ನ ಕಾದಂಬರಿಯಲ್ಲಿ ಮಂಗಳದವರ ದಾಳಿಗೆ ಮಸೀದಿಯೊಂದರ ಶಿಖರ ಉರುಳುತ್ತದೆ. ಸರ್ರೆಯ ಹಳ್ಳಿಗಾಡಿನಲ್ಲಿ, ಅದೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಸೀದಿ ಎಲ್ಲಿಂದ ಬಂತು? ಅದೂ ಕಲ್ಪನೆಯಲ್ಲ. 1889ರಲ್ಲಿ ಕಟ್ಟಿದ ಷಾಜಹಾನ್ ಮಸೀದಿ ಓರಿಯೆಂಟಲ್ ರಸ್ತೆಯಲ್ಲಿ ಇಂದಿಗೂ ಪ್ರಾರ್ಥನೆ ನಡೆಯುವ ಸ್ಥಳ. ಮಸೀದಿಯೆಂದೇ ಉದ್ದೇಶಿಸಿ ಬ್ರಿಟನ್ನಿನಲ್ಲಿ ಕಟ್ಟಿದ ಮೊದಲ ಕಟ್ಟಡ ಇದು. ಹೆಸರು ಕೇಳಿ ತಾಜಮಹಲಿನ ಚಕ್ರವರ್ತಿಯನ್ನು ನೆನೆಯಬೇಕಿಲ್ಲ. ಹಣ ಕೊಟ್ಟವರು ಭೋಪಾಲವನ್ನು 1868ರಿಂದ 1901ರವರೆಗೆ ಆಳಿದ ಷಾಜಹಾನ್ ಬೇಗಂ.

ಕಟ್ಟಿಸಿದವನು ಗಾಟ್ಲೀಬ್ ವಿಲ್‌ಹೆಲ್ಮ್ ಲೈಟ್ನರ್. ಹಂಗೆರಿಯಲ್ಲಿ ಹುಟ್ಟಿದ ಈ ಭಾಷಾಪಂಡಿತ ಲಾಹೋರಿನ ಸರ್ಕಾರಿ ಕಾಲೇಜಿಗೆ ಪ್ರಾಂಶುಪಾಲನಾಗಿದ್ದವನು. ಭಾರತದಿಂದ ಬರುವ ವಿದ್ಯಾರ್ಥಿಗಳು ತಮ್ಮ ಆಚಾರ ಬಿಡದೆ ಓದಲು ಅನುವಾಗಲೆಂದು ವೋಕಿಂಗ್‌ನಲ್ಲಿ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ತೆರೆದ. 1899ರಲ್ಲಿ ಆತ ತೀರಿಕೊಂಡ ಮೇಲೆ ಸಂಸ್ಥೆ ಮುಚ್ಚಿತು, ಮಸೀದಿಗೂ ಬೀಗ ಬಿತ್ತು. 1913ರಲ್ಲಿ ಲಾಹೋರಿನ ವಕೀಲ ಖ್ವಾಜಾ ಕಮಾಲುದ್ದೀನ್ ಅದನ್ನು ಮತ್ತೆ ತೆರೆಸಿದರು. 2018ರಲ್ಲಿ ಸರ್ಕಾರ ಇದನ್ನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಗುರುತಿಸಿತು. ಹಸಿರು ಗುಮ್ಮಟದ ಪುಟ್ಟ ಕಟ್ಟಡ, ಎದುರಿಗೆ ಹುಲ್ಲುಹಾಸು. ಮೊದಲೇ ವಿಚಾರಿಸಿಕೊಂಡು ಹೋದರೆ ಒಳಗೂ ನೋಡಬಹುದು.

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರನ್ನು ಇಂಗ್ಲೆಂಡಿನ ದಕ್ಷಿಣ ತೀರದ ಬ್ರೈಟನ್ನಿಗೆ ಕರೆತಂದಿದ್ದರು. ಅಲ್ಲಿ ಸತ್ತ ಹಿಂದೂ, ಸಿಖ್ಖರ ದಹನ ಬ್ರೈಟನ್ ಬಳಿಯ ಗುಡ್ಡದ ಮೇಲಾಯಿತು. ಮುಸ್ಲಿಂ ಸೈನಿಕರಿಗೆ ವಿಧಿವತ್ತಾಗಿ ಮಣ್ಣು ಮಾಡುತ್ತಿಲ್ಲವೆಂದು ಜರ್ಮನರು ಪುಕಾರು ಹಬ್ಬಿಸಿದಾಗ, ಮಸೀದಿಗೆ ಸಮೀಪದ ಹಾರ್ಸೆಲ್ ಕಾಮನ್ನಿನಲ್ಲೇ ಕಮಾನು, ಗುಮ್ಮಟಗಳುಳ್ಳ ರುದ್ರಭೂಮಿ ಕಟ್ಟಿದರು. ಮುಂದೆ ಕಿಡಿಗೇಡಿಗಳ ಕಾಟ ಹೆಚ್ಚಾಗಿ 1960ರ ದಶಕದ ಕೊನೆಗೆ ಅವಶೇಷಗಳನ್ನು ಬ್ರೂಕ್‌ವುಡ್‌ಗೆ ಸಾಗಿಸಬೇಕಾಯಿತು. 2015ರಲ್ಲಿ ಆ ಆವರಣ ಶಾಂತಿ ಉದ್ಯಾನವಾಗಿ ಮತ್ತೆ ತೆರೆಯಿತು. ಅಲ್ಲಿದ್ದ 27 ಸೈನಿಕರ ನೆನಪಿಗೆ 27 ಹಿಮಾಲಯದ ಬರ್ಚ್ ಮರಗಳನ್ನು ನೆಟ್ಟಿದ್ದಾರೆ.

ಆರು ವರ್ಷ ತಣ್ಣಗಿದ್ದ ಕುಲುಮೆ

ಶವ ಸುಡುವುದು ನಮಗೆ ಹೊಸದಲ್ಲ. ಆದರೆ ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಅದು ಕೇಳಿದರೇ ಕಿವಿ ಮುಚ್ಚಿಕೊಳ್ಳುವಂಥ ಮಾತು. ಸರ್ ಹೆನ್ರಿ ಥಾಮ್ಸನ್ ಎಂಬ ಶಸ್ತ್ರವೈದ್ಯ, ಆರೋಗ್ಯದ ದೃಷ್ಟಿಯಿಂದ ದಹನವೇ ಮೇಲೆಂದು ವಾದಿಸಿ 1874ರಲ್ಲಿ ಒಂದು ಸಂಘ ಕಟ್ಟಿದ. ಸಂಘ ವೋಕಿಂಗ್‌ನ ಸೇಂಟ್ ಜಾನ್ಸ್ ಎಂಬಲ್ಲಿ ನೆಲ ಕೊಂಡು ಇಟಲಿಯ ಪ್ರೊಫೆಸರ್ ಗೊರೀನಿಯಿಂದ ಕುಲುಮೆ ಕಟ್ಟಿಸಿತು. 1879ರ ಮಾರ್ಚ್ 17ರಂದು ಪರೀಕ್ಷೆಗೆಂದು ಸುಟ್ಟದ್ದು ಒಂದು ಕುದುರೆಯನ್ನು. ಊರವರು ಎದ್ದು ಕೂತರು. ಗೃಹಮಂತ್ರಿ ತಡೆ ಹಾಕಿದ. ಕುಲುಮೆ ಆರು ವರ್ಷ ತಣ್ಣಗೆ ಕೂತಿತು.

ದಾರಿ ತೆರೆದದ್ದು ಒಂದು ಮೊಕದ್ದಮೆ. 1884ರಲ್ಲಿ ವೇಲ್ಸ್‌ನ ವೃದ್ಧ ವೈದ್ಯ ವಿಲಿಯಂ ಪ್ರೈಸ್ ತೀರಿಹೋದ ತನ್ನ ಹಸುಗೂಸನ್ನು ಬೆಟ್ಟದ ಮೇಲೆ ಸುಡಹೊರಟು ಬಂಧಿತನಾದ. ಸುತ್ತಲಿನವರಿಗೆ ಉಪದ್ರವವಾಗದಿದ್ದರೆ ಶವದಹನ ಅಪರಾಧವಲ್ಲ ಎಂದು ನ್ಯಾಯಾಧೀಶ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ತೀರ್ಪು ಕೊಟ್ಟ. ಯಾರು ಈ ಸ್ಟೀಫನ್? ಕಲ್ಕತ್ತೆಯಲ್ಲಿ ವೈಸರಾಯರ ಮಂಡಲಿಯ ಕಾನೂನು ಸದಸ್ಯನಾಗಿದ್ದು, 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದ ವ್ಯಕ್ತಿಯೇ ಈತ! ನಮ್ಮ ನ್ಯಾಯಾಲಯಗಳು 2024ರ ಜುಲೈವರೆಗೂ ಬಳಸಿದ್ದು ಅದೇ ಕಾನೂನನ್ನು.

1885ರ ಮಾರ್ಚ್ 26ರಂದು ಇಲ್ಲಿ ಮೊದಲ ಮಾನವ ದಹನ ನಡೆಯಿತು. ಆ ವರ್ಷವಿಡೀ ನಡೆದದ್ದು ಮೂರೇ. ಈಗ ಬ್ರಿಟನ್ನಿನಲ್ಲಿ ಸತ್ತ ಐವರಲ್ಲಿ ಸುಮಾರು ನಾಲ್ವರಿಗೆ ದಹನ. ಕಾರ್ಲ್ ಮಾರ್ಕ್ಸ್‌ನ ಗೆಳೆಯ ಎಂಗೆಲ್ಸ್‌ನನ್ನು 1895ರಲ್ಲಿ ಸುಟ್ಟದ್ದು ಇಲ್ಲೇ. 1954ರ ಜೂನ್ 12ರಂದು ಇಲ್ಲಿಗೆ ತಂದ ಇನ್ನೊಬ್ಬನ ಹೆಸರು ಅಲನ್ ಟ್ಯೂರಿಂಗ್. ಗಣಕಯಂತ್ರದ ತತ್ವವನ್ನು ಕಂಡವನು, ಯುದ್ಧದಲ್ಲಿ ಜರ್ಮನರ ಗುಪ್ತ ಸಂಕೇತಗಳನ್ನು ಒಡೆದವನು, ಸಲಿಂಗ ಸಂಬಂಧದ ಕಾರಣಕ್ಕೆ ನ್ಯಾಯಾಲಯದಿಂದ ಶಿಕ್ಷಿತನಾಗಿ 41ರ ಹರೆಯದಲ್ಲಿ ಸತ್ತವನು. ಬೂದಿಯನ್ನು ತೋಟದಲ್ಲೇ ಚೆಲ್ಲಿದರು. ಆತನಿಗೆ ಗೋರಿಯಿಲ್ಲ. ಹುಡುಕಿಕೊಂಡು ಹೋದವರು ಹುಲ್ಲು, ಮರಗಳನ್ನು ನೋಡಿ ಬರಬೇಕು.

ಬ್ರೂಕ್‌ವುಡ್‌ನಲ್ಲಿ ಟಾಟಾ

ವೋಕಿಂಗ್‌ನ ಮುಂದಿನ ನಿಲ್ದಾಣ ಬ್ರೂಕ್‌ವುಡ್. ರೈಲು ಬೇಡವೆಂದರೆ ಬೇಸಿಂಗ್‌ಸ್ಟೋಕ್ ಕಾಲುವೆಯ ದಡ ಹಿಡಿದು ನಡೆಯಬಹುದು. 1794ರಲ್ಲಿ ತೆರೆದ ಈ ಕಾಲುವೆಯ ದಡದಲ್ಲಿ ಹಿಂದೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದವು. ದಾರಿ ಸಮತಟ್ಟು, ವಯಸ್ಸಾದವರಿಗೂ ಕಷ್ಟವಿಲ್ಲ.

ನಿಲ್ದಾಣದ ದಕ್ಷಿಣದ ಬಾಗಿಲು ದಾಟಿದರೆ ಸ್ಮಶಾನ. ಈಗ ಸುಮಾರು 220 ಎಕರೆ. ಇಲ್ಲಿ ಮಲಗಿರುವವರು 2,35,000ಕ್ಕೂ ಹೆಚ್ಚು. 1854ರಲ್ಲಿ ಮೊದಲು ಮಣ್ಣಾದದ್ದು ಒಂದು ಬಡ ಕುಟುಂಬದಲ್ಲಿ ಸತ್ತೇ ಹುಟ್ಟಿದ್ದ ಅವಳಿ ಕೂಸುಗಳು. ಆ ಕಾಲದಲ್ಲೇ ನೆಟ್ಟ ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೊಯಾ ಮರಗಳು ದಾರಿಯ ಇಕ್ಕೆಲಗಳಲ್ಲಿ ಗೋಪುರಗಳಂತೆ ನಿಂತಿವೆ. ತೊಗಟೆಗೆ ಕೈಯೊತ್ತಿ ನೋಡಿ, ಸ್ಪಂಜಿನಂತೆ ಮೆತ್ತಗೆ. ಕಾಳ್ಗಿಚ್ಚಿನಿಂದ ಮರವನ್ನು ಕಾಯುವುದು ಈ ದಪ್ಪ ತೊಗಟೆಯೇ. ಕಡಿಮೆ ದರದ ಶವದ ರೈಲಿನ ಆಸೆಗೆ ಗಾಲ್ಫ್ ಆಟಗಾರರು ಶೋಕಿಗಳ ವೇಷ ಹಾಕಿ ಬರುತ್ತಿದ್ದರಂತೆ. ಹೀಗೊಂದು ಕಥೆ ಇಲ್ಲಿ ಪ್ರಚಲಿತ.

ಕನ್ನಡಿಗರು ನೋಡಲೇಬೇಕಾದದ್ದು ಪಾರ್ಸಿಗಳ ವಿಭಾಗ. 1862ರಿಂದ ಅವರಿಗೆ ಇಲ್ಲಿ ಪ್ರತ್ಯೇಕ ನೆಲವಿದೆ. ಮುಂಬಯಿಯಲ್ಲಾದರೆ ಮೌನಗೋಪುರ, ಪರದೇಶದಲ್ಲಿ ಅದಿಲ್ಲದ್ದರಿಂದ ಮಣ್ಣು. 1904ರ ಮೇ 19ರಂದು ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ನಿಧನರಾದ ಜಮ್‌ಷೆಟ್‌ಜಿ ಟಾಟಾ ಅವರನ್ನು ತಂದು ಮಣ್ಣು ಮಾಡಿದ್ದು ಇಲ್ಲೇ.

ಭಾರತಕ್ಕೊಂದು ಉನ್ನತ ವಿಜ್ಞಾನ ಸಂಸ್ಥೆ ಬೇಕೆಂದು 1896ರಿಂದಲೂ ಕನಸು ಕಂಡು, ಅದಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನೇ ತೆಗೆದಿಟ್ಟವರು ಅವರು. ಸರ್ಕಾರದ ಕಡತಗಳು ತೆವಳುತ್ತಿದ್ದಾಗಲೇ ಅವರು ಕಣ್ಣು ಮುಚ್ಚಿದರು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ಕೊಟ್ಟಿತು. 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಹಳೆಯ ಬೆಂಗಳೂರಿಗರಿಗೆ ಅದು ಇಂದಿಗೂ 'ಟಾಟಾ ಇನ್‌ಸ್ಟಿಟ್ಯೂಟ್'. ಮುಖ್ಯ ಕಟ್ಟಡದೆದುರು ಅವರ ಪ್ರತಿಮೆಯಿದೆ. ತಾವು ಕಟ್ಟಬಯಸಿದ್ದನ್ನು ಅವರು ಕಣ್ಣಾರೆ ನೋಡಲಿಲ್ಲ.

ಮಕ್ಕಳಾದ ದೊರಾಬ್ಜಿ ಮತ್ತು ರತನ್ ಟಾಟಾ, ದೊರಾಬ್ಜಿಯವರ ಪತ್ನಿ ಮೆಹರ್‌ಬಾಯಿ ಅವರೂ ಇಲ್ಲೇ ಇದ್ದಾರೆ. ಅದೇ ಆವರಣದಲ್ಲಿ ಜಮ್‌ಷೆಟ್‌ಜಿಯವರ ಸೋದರಳಿಯ ಶಾಪುರ್ಜಿ ಸಕ್ಲಾತ್‌ವಾಲಾ ಅವರ ಚಿತಾಭಸ್ಮವೂ ಇದೆ. ಅವರು 1920ರ ದಶಕದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿದ್ದ ಕಮ್ಯುನಿಸ್ಟ್ ಸದಸ್ಯ! ಮುಸ್ಲಿಂ ವಿಭಾಗದಲ್ಲಿ ಕುರಾನನ್ನು ಇಂಗ್ಲಿಷಿಗೆ ತಂದ ಅಬ್ದುಲ್ಲಾ ಯೂಸುಫ್ ಅಲಿ ಹಾಗೂ ಹೈದರಾಬಾದಿನ ನಿಜಾಮರ ಸೇವೆಯಲ್ಲಿದ್ದ ಮಾರ್ಮಡ್ಯೂಕ್ ಪಿಕ್‌ಥಾಲ್ ಇದ್ದಾರೆ. ಮಸೀದಿ ಕಟ್ಟಿಸಿದ ಲೈಟ್ನರ್‌ನದೂ ಇದೇ ಸ್ಮಶಾನ.

ಸಾಲದ ಗೋಪುರಗಳು

ಸಂಜೆ ವೋಕಿಂಗ್‌ಗೆ ಮರಳುವಾಗ ದೂರದಿಂದಲೇ ಕಾಣುವುದು ಪೇಟೆಯ ನಡುವಿನ, ಮೂವತ್ತು ಅಂತಸ್ತು ಮೀರಿದ ವಸತಿ ಗೋಪುರಗಳು. ಸ್ಥಳೀಯ ಕೌನ್ಸಿಲ್ ಸರ್ಕಾರದಿಂದ ಅಗ್ಗದ ಬಡ್ಡಿಗೆ ಸಾಲ ಎತ್ತಿ ಇಂಥ ಕಟ್ಟಡಗಳಿಗೆ ಸುರಿಯಿತು. ಬಾಡಿಗೆಯಿಂದ ಊರು ಉದ್ಧಾರವಾಗುತ್ತದೆಂಬುದು ಲೆಕ್ಕ. ಲೆಕ್ಕ ತಪ್ಪಿತು. 2023ರ ಜೂನ್‌ನಲ್ಲಿ ಕೌನ್ಸಿಲ್ ತನ್ನ ಕೈ ಬರಿದಾಗಿದೆಯೆಂದು ವಿಧ್ಯುಕ್ತವಾಗಿ ಸಾರಿತು. ಎದುರಿಗಿದ್ದ ಕೊರತೆ 120 ಕೋಟಿ ಪೌಂಡ್. ವರ್ಷದ ಖರ್ಚಿಗೆ ಸಿಗುತ್ತಿದ್ದ ಮೂಲ ಹಣ 1.6 ಕೋಟಿ ಪೌಂಡ್. ಅಂದರೆ ಎಪ್ಪತ್ತೈದು ವರ್ಷದ ಹಣವನ್ನು ಒಟ್ಟು ಮಾಡಿದರೆ ಮಾತ್ರ ಸರಿಹೋಗುವ ಬಾಬತ್ತು. 2024ರಲ್ಲಿ ಮನೆಗಂದಾಯ ಶೇ. 10ರಷ್ಟು ಏರಿತು, ಕಲೆ, ಕ್ರೀಡೆ, ಹಿರಿಯರ ಸೌಕರ್ಯಗಳ ಅನುದಾನಕ್ಕೆ ಕತ್ತರಿ ಬಿತ್ತು. ದಿನಾ ಬೆಳಿಗ್ಗೆ ರೈಲು ಹಿಡಿಯುವವರು ತಾವು ಮಾಡದ ಸಾಲಕ್ಕೆ ಕಂತು ಕಟ್ಟುತ್ತಿದ್ದಾರೆ.

ನೂರೈವತ್ತು ವರ್ಷದ ಹಿಂದೆ ಒಂದು ಕಂಪನಿ ಸ್ಮಶಾನದ ಹೆಸರಿನಲ್ಲಿ ನೆಲ ಕೊಂಡು ನಿವೇಶನ ಮಾರಿತು. ಅದರಿಂದ ಊರು ಎದ್ದಿತು. ನಮ್ಮ ಕಾಲದಲ್ಲಿ ಅದೇ ನೆಲದ ಮೇಲಿನ ದುರಾಸೆಯಿಂದ ಊರು ಮುಗ್ಗರಿಸಿತು. 2014ರಲ್ಲಿ ಆ ಸ್ಮಶಾನವನ್ನು ಕೊಂಡು ಅದರ ಯೋಗಕ್ಷೇಮ ವಹಿಸಿಕೊಂಡದ್ದು ಇದೇ ಕೌನ್ಸಿಲ್ ಎಂಬುದನ್ನೂ ಹೇಳಬೇಕು.

ಹೋಗುವವರಿಗೆ

ಇಂಗ್ಲೆಂಡಿನಲ್ಲಿ ಮಗನ, ಮಗಳ ಮನೆಗೆಂದು ಹೋದ ಹಿರಿಯರಿಗೆ ವಾರದ ದಿನಗಳಲ್ಲಿ ಹೊತ್ತು ಹೋಗುವುದು ಕಷ್ಟ. ಅಂಥವರಿಗೆ ವೋಕಿಂಗ್ ಒಳ್ಳೆಯ ಒಂದು ದಿನದ ಪ್ರವಾಸ. ಕಚೇರಿಗೆ ಹೋಗುವವರ ನೂಕುನುಗ್ಗಲು ಮುಗಿದ ಮೇಲೆ ಹೊರಟರೆ ಟಿಕೆಟ್ ದರವೂ ಕಡಿಮೆ. ಬೆಳಿಗ್ಗೆ ಹಾರ್ಸೆಲ್ ಕಾಮನ್ ಮತ್ತು ಶಾಂತಿ ಉದ್ಯಾನ, ಮಧ್ಯಾಹ್ನದೊಳಗೆ ಮಸೀದಿ, ಊಟದ ನಂತರ ಬ್ರೂಕ್‌ವುಡ್. ಗಟ್ಟಿ ಬೂಟು, ಕೊಡೆ ಮರೆಯಬಾರದು. ಇನ್ನೊಂದು ದಿನ ಸಿಕ್ಕರೆ ಸಮೀಪದಲ್ಲೇ ವಿಸ್ಲಿಯ ಸಸ್ಯೋದ್ಯಾನವಿದೆ. ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಗೆ 1903ರಲ್ಲಿ ದಾನವಾಗಿ ಬಂದ ಆ ತೋಟ ಸಸ್ಯಪ್ರಿಯರಿಗೆ ಹಬ್ಬ.

ಬ್ರೂಕ್‌ವುಡ್‌ನಲ್ಲಿ ಟಾಟಾ ಸಮಾಧಿಯ ಮುಂದೆ ಒಂದು ನಿಮಿಷ ನಿಂತು, ಒಣಗಿದ ಪೈನ್ ಎಲೆಗಳನ್ನು ಮೆಟ್ಟಿಲಿನಿಂದ ಸರಿಸಿ ಬರುವ ಬೆಂಗಳೂರಿಗರು ಯಾರಾದರೂ ಇದ್ದರೆ, ಅದಕ್ಕೆ ಟಿಕೆಟ್ಟಿಲ್ಲ, ಸಮಯದ ನಿರ್ಬಂಧವೂ ಹೆಚ್ಚೇನಿಲ್ಲ. ಕತ್ತಲಾಗುವ ಮೊದಲು ನಿಲ್ದಾಣಕ್ಕೆ ಬಂದರೆ ಸಾಕು. ವಾಟರ್‌ಲೂ ಕಡೆಗೆ ರೈಲು ಇದ್ದೇ ಇರುತ್ತದೆ.